ಸುಂಬಾ ದ್ವೀಪದ ಹಳ್ಳಿಯಲ್ಲಿ ತಿರುಗಾಟ, ವಾಸ, ಬಂಡವಾಳ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಲಿ ನೋಡಿ ಬಂದವರು ಈಗೀಗ ಅದರಾಚೆಯ ದ್ವೀಪಗಳ ಬಗ್ಗೆ ವಿಚಾರಿಸುತ್ತಿದ್ದಾರೆ. ಅದರಲ್ಲೂ ಸುಂಬಾ ಬಗ್ಗೆ ಜಾಸ್ತಿ. "ಸಮುದ್ರದ ಪಕ್ಕ ಜಾಗ ಅಗ್ಗವಂತೆ, ಹೌದಾ?" ಅನ್ನುವುದೇ ಹೆಚ್ಚಿನವರ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಕೆಳಗಿದೆ. ಆದರೆ ಅದಕ್ಕೂ ಮೊದಲಿನ ಪ್ರಶ್ನೋತ್ತರಗಳನ್ನು ಓದದೆ ನೇರ ಅಲ್ಲಿಗೆ ಹಾರಬೇಡಿ. ಇಲ್ಲಿ ಹೇಳಿರುವುದು ಮುಖ್ಯವಾಗಿ ದ್ವೀಪದ ಪಶ್ಚಿಮ ತುದಿಯ ಕೋಡಿ ಕರಾವಳಿ ಮತ್ತು ಅಲ್ಲಿನ ರಾತೆಂಗಾರೋ ಹಳ್ಳಿಯ ಸುತ್ತಮುತ್ತಲಿನ ವಿಷಯ.

ಸುಂಬಾ ಎಲ್ಲಿದೆ? ಬಾಲಿಗೆ ಹತ್ತಿರವೇ?

ಬಾಲಿಯಿಂದ ಪೂರ್ವಕ್ಕೆ ವಿಮಾನದಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಇಂಡೋನೇಷ್ಯಾದ ಪೂರ್ವ ನುಸಾ ತೆಂಗಾರಾ ಪ್ರಾಂತ್ಯಕ್ಕೆ ಸೇರಿದ ದ್ವೀಪ. ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರ್, ಅಂದರೆ ನಮ್ಮ ತುಮಕೂರು ಜಿಲ್ಲೆಗಿಂತ ಒಂಚೂರು ದೊಡ್ಡದು. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ.

ಹತ್ತಿರವಿದೆ ಅಂದಮಾತ್ರಕ್ಕೆ ಇದನ್ನು ಇನ್ನೊಂದು ಬಾಲಿ ಅಂದುಕೊಳ್ಳಬೇಡಿ. ಬಾಲಿಯಂತೆ ಇಲ್ಲಿ ಎಲ್ಲೆಲ್ಲೂ ಹಿಂದೂ ದೇವಸ್ಥಾನಗಳಿಲ್ಲ. ಜನ ಹೆಚ್ಚಾಗಿ ಕ್ರೈಸ್ತರು. ಜೊತೆಗೆ ಮರಾಪು ಎಂಬ ಹಿರಿಯರ ಆರಾಧನೆ ಇನ್ನೂ ಗಟ್ಟಿಯಾಗಿದೆ. ಭಾನುವಾರ ಚರ್ಚಿಗೆ ಹೋಗುವವರೇ ಮನೆಯಲ್ಲಿ ಸಾವಾದರೆ ಹಿರಿಯರಿಗೆ ಎಮ್ಮೆ ಕಡಿಯುತ್ತಾರೆ. ಇಂಥ ನಂಬಿಕೆಗಳನ್ನು ಗುರುತಿನ ಚೀಟಿಯಲ್ಲಿ ಬರೆಸಿಕೊಳ್ಳಲು ಇಂಡೋನೇಷ್ಯಾದ ಸಾಂವಿಧಾನಿಕ ನ್ಯಾಯಾಲಯ ಒಪ್ಪಿದ್ದು 2017ರಲ್ಲಿ.

ಬೆಂಗಳೂರಿನಿಂದ ಹೋಗುವುದು ಹೇಗೆ?

ಬೆಂಗಳೂರಿನಿಂದ ಬಾಲಿಯ ದೆನ್‌ಪಸಾರ್‌ಗೆ 2024ರಲ್ಲಿ ನೇರ ವಿಮಾನ ಶುರುವಾಯಿತು. ಇಲ್ಲವಾದರೆ ಸಿಂಗಪುರ ಅಥವಾ ಕ್ವಾಲಾಲಂಪುರದ ಮೇಲೆ ಹೋಗಬಹುದು. ಬಾಲಿಯಿಂದ ಪಶ್ಚಿಮ ಸುಂಬಾದ ತಂಬೋಲಕಾಗೆ ಚಿಕ್ಕ ವಿಮಾನ. ಲಗೇಜಿನ ಮಿತಿ ಕಡಿಮೆ, ಸಮಯ ಬದಲಾಗುವುದು ಮಾಮೂಲು. ಹಾಗಾಗಿ ವಾಪಸ್ ಬರುವಾಗ ಬಾಲಿಯಲ್ಲಿ ಒಂದು ರಾತ್ರಿ ಉಳಿಯುವ ಹಾಗೆ ಟಿಕೆಟ್ ಮಾಡಿಸಿ. ಅದೇ ದಿನದ ಬೆಂಗಳೂರು ವಿಮಾನ ನಂಬಿಕೊಂಡರೆ ಎದೆ ಡವಡವ ಗ್ಯಾರಂಟಿ.

ಪೂರ್ವ ಭಾಗಕ್ಕೆ ಹೋಗುವವರಿಗೆ ವಾಯಿಂಗಾಪು ವಿಮಾನ ನಿಲ್ದಾಣ ಇದೆ. ಟೈಮಿದ್ದರೆ ಸುಂಬಾವಾ ಎಂಬ ಬೇರೆ ದ್ವೀಪದ ಸಪೆ ಬಂದರಿನಿಂದ ಸುಂಬಾದ ವಾಯಿಕೆಲೋ ಬಂದರಿಗೆ ವಾಹನಗಳನ್ನೂ ಹತ್ತಿಸುವ ಹಡಗು ಬರುತ್ತದೆ. ಅಲೆ ಜೋರಿದ್ದರೆ ಅದೂ ನಿಲ್ಲುತ್ತದೆ.

ತಂಬೋಲಕಾದಿಂದ ರಾತೆಂಗಾರೋಗೆ ಕಾರಿನಲ್ಲಿ ಒಂದೂವರೆ ಗಂಟೆ. ಬಸ್ಸು ನಂಬಿ ಹೋಗುವ ಜಾಗ ಅಲ್ಲ.

ವೀಸಾ ಕಷ್ಟವೇ?

ಪ್ರವಾಸಕ್ಕೆ ಸುಲಭ. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಇಳಿದ ಮೇಲೆ ಕೊಡುವ ವೀಸಾ ಸಿಗುತ್ತದೆ. 5 ಲಕ್ಷ ರುಪಿಯಾ (ಇಂಡೋನೇಷ್ಯಾದ ಹಣ, ನಮ್ಮ ರೂಪಾಯಿಯಲ್ಲ), 30 ದಿನ. ಒಮ್ಮೆ ಮಾತ್ರ ಇನ್ನೂ 30 ದಿನ ವಿಸ್ತರಿಸಬಹುದು. ಮೊದಲೇ ಆನ್‌ಲೈನ್‌ನಲ್ಲಿ ಮಾಡಿಕೊಂಡರೆ ಸಾಲು ತಪ್ಪುತ್ತದೆ. ವಿಸ್ತರಣೆಗೆ ಈಗ ವಲಸೆ ಕಚೇರಿಗೆ ಖುದ್ದಾಗಿ ಹೋಗಿ ಫೋಟೋ ಕೊಡಬೇಕು. ಅದನ್ನು ಬಾಲಿಯಲ್ಲಿ ಮುಗಿಸಿಕೊಂಡು ಸುಂಬಾಗೆ ಹೋಗುವುದು ಜಾಣತನ.

ಅವಧಿ ಮೀರಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ. ಬಾಲಿಗೆ ಕಾಲಿಟ್ಟರೆ ಒಂದೂವರೆ ಲಕ್ಷ ರುಪಿಯಾ ಪ್ರವಾಸಿ ತೆರಿಗೆಯೂ ಇದೆ. 2024ರ ಫೆಬ್ರುವರಿಯಿಂದ ಬಂದದ್ದು. ಈ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಹೋಮ್‌ಸ್ಟೇಯಲ್ಲಿ ಊಟ-ವಸತಿಗೆ ಬದಲಾಗಿ "ಸುಮ್ನೆ ಸಹಾಯ" ಮಾಡಿದರೂ ಅದು ಕೆಲಸವೇ.

ಯಾವ ತಿಂಗಳು ಒಳ್ಳೆಯದು?

ಮೇಯಿಂದ ಅಕ್ಟೋಬರ್ ಒಣಗಾಲ. ರಸ್ತೆ ಚೆನ್ನಾಗಿರುತ್ತದೆ, ಆದರೆ ಜುಲೈ ಕಳೆದರೆ ಬೆಟ್ಟಗಳೆಲ್ಲ ಕಂದು. ಹಸಿರು ಬೇಕೆಂದರೆ ಮಾರ್ಚ್ ಕೊನೆ, ಏಪ್ರಿಲ್.

ಪಸೋಲ ನೋಡಬೇಕೆಂದರೆ ಮಳೆಗಾಲದಲ್ಲೇ ಹೋಗಬೇಕು. ಕುದುರೆ ಮೇಲೆ ಕೂತು ಮರದ ಈಟಿ ಎಸೆದಾಡುವ ಈ ಆಚರಣೆ ಕೋಡಿ, ಲಂಬೋಯಾ, ವನೋಕಾಕಾ ಕಡೆ ಫೆಬ್ರುವರಿ-ಮಾರ್ಚ್‌ನಲ್ಲಿ ನಡೆಯುತ್ತದೆ. ದಿನ ಗೊತ್ತು ಮಾಡುವವರು ರಾತೊ ಎಂಬ ಪುರೋಹಿತರು, ಚಂದ್ರನನ್ನು ನೋಡಿ. ಅಂದು ಬೆಳಕು ಹರಿಯುವ ಮುಂಚೆ ಜನ ಕಡಲ ದಂಡೆಗೆ ಬಂದು ನ್ಯಾಲೆ ಎಂಬ ಬಣ್ಣಬಣ್ಣದ ಕಡಲ ಹುಳುಗಳನ್ನು ಕೈಯಲ್ಲೇ ಬಾಚುತ್ತಾರೆ. ವರ್ಷದಲ್ಲಿ ಕೆಲವೇ ದಿನ ಅವು ಮೇಲೆ ಬರುವುದು. ಹುಳು ದಪ್ಪಗೆ, ತುಂಬ ಬಂದರೆ ಬೆಳೆ ಚೆನ್ನ. ಸೊರಗಿದ್ದರೆ ಹಿರಿಯರ ಮುಖವೂ ಸೊರಗುತ್ತದೆ. ಕುದುರೆಗಳು ಮೈದಾನಕ್ಕೆ ಇಳಿಯುವುದು ಆಮೇಲೆ. ನೆಲಕ್ಕೆ ರಕ್ತ ಬಿದ್ದರೆ ಫಸಲು ಕೊಡುತ್ತದೆ ಎಂಬ ನಂಬಿಕೆ ಇರುವುದರಿಂದ ಗಾಯವನ್ನು ಯಾರೂ ಅಪಶಕುನ ಅನ್ನುವುದಿಲ್ಲ. ಈಟಿಗೆ ಪ್ರೇಕ್ಷಕ ಯಾರು ಅಂತ ಗೊತ್ತಾಗಲ್ಲ. ಹಿಂದೆ ನಿಲ್ಲಿ.

ಹಳ್ಳಿಗೆ ಹೋದರೆ ಮೊದಲು ಏನು ಮಾಡಬೇಕು?

ಎಲೆ-ಅಡಿಕೆ ಹಿಡಿದುಕೊಂಡು ಹೋಗಿ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ತಟ್ಟೆಯಲ್ಲಿ ವೀಳ್ಯದೆಲೆಗಿಂತ ಹೆಚ್ಚಾಗಿ ಕಾಣುವುದು ಅದೇ ಬಳ್ಳಿಯ ಕಾಯಿ, ಹಿಪ್ಪಲಿಯ ಹಾಗೆ ಉದ್ದಕ್ಕೆ, ಹಸಿರಾಗಿ. ಒಂದು ತುಂಡು ಕಾಯಿ, ಒಂದು ಹೋಳು ಅಡಿಕೆ, ಪುಡಿ ಸುಣ್ಣ. ಬಾಯಿ ಕೆಂಪಾಗುವುದು ಮಾತ್ರ ನಮ್ಮಂತೆಯೇ. ಸುಣ್ಣ ಖಾರ, ಕಾಯಿ ಇನ್ನೂ ಖಾರ. ಮೊದಲ ಸಲ ಚಿಟಿಕೆಯಷ್ಟೇ ಹಾಕಿಕೊಳ್ಳಿ.

ಮನೆಯ ಮುಂದಿನ ಬಿದಿರಿನ ಜಗಲಿಯಲ್ಲಿ ಕೂರಿಸಿ ನಿಮ್ಮ ಮುಂದೆ ತಟ್ಟೆ ಸರಿಸಿದರೆ ನೀವು ಅತಿಥಿ ಅಂತ ಲೆಕ್ಕ. ಅಗಿಯಲು ಆಗದಿದ್ದರೆ ಕೈಯಲ್ಲಿ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡರೂ ಸಾಕು. ತಟ್ಟೆಯನ್ನು ಮುಟ್ಟದೆ ಇರುವುದು ಅವಮಾನ. ಹಿರಿಯರು ಮೂಗಿಗೆ ಮೂಗು ತಾಗಿಸಿ ಬರಮಾಡಿಕೊಂಡರೆ ಬೆಚ್ಚಿ ಹಿಂದೆ ಸರಿಯಬೇಡಿ, ಅದು ಅಲ್ಲಿನ ನಮಸ್ಕಾರ. ಗಂಡಸರನ್ನು 'ಬಪಾ', ಹೆಂಗಸರನ್ನು 'ಮಾಮಾ' ಅಥವಾ 'ಇಬು' ಎಂದು ಕರೆಯಿರಿ.

ಆ ಎತ್ತರದ ಮನೆಗಳ ಒಳಗೆ ಹೋಗಬಹುದೇ?

ಕರೆದರೆ ಹೋಗಬಹುದು. ಉಮಾ ಎನ್ನುವ ಈ ಮನೆಗೆ ಮೂರು ಅಂತಸ್ತು. ಕೆಳಗೆ ಹಂದಿ, ಕೋಳಿ, ನಡುವೆ ಜನ, ಮೇಲೆ ಗೋಪುರದಂಥ ಹುಲ್ಲು ಚಾವಣಿಯೊಳಗೆ ಹಿರಿಯರು. ಮನೆತನದ ಹಳೆ ವಸ್ತುಗಳು ಇರುವುದೂ ಅಲ್ಲೇ. ನಡುವೆ ನಾಲ್ಕು ದೊಡ್ಡ ಕಂಬ, ಅದರ ಮಧ್ಯೆ ಒಲೆ. ಕಂಬಕ್ಕೆ ಒರಗುವುದು, ಅಟ್ಟದ ಮೇಲಿನದನ್ನು ತೋರಿಸಿ ಅನ್ನುವುದು ಬೇಡ. ಹೊರಗಿನ ಕಲ್ಲಿನ ಸಮಾಧಿಗಳ ಮೇಲೆ ಮಕ್ಕಳು ಆಡುತ್ತಿರುತ್ತಾರೆ, ಮೆಕ್ಕೆಜೋಳ ಒಣಗುತ್ತಿರುತ್ತದೆ. ಹಾಗಂತ ನೀವು ಹತ್ತಿ ಸೆಲ್ಫಿ ತೆಗೆಯಬೇಡಿ.

ರಾತೆಂಗಾರೋದಲ್ಲಿ ದುಡ್ಡು ಕೇಳಿ ಪೀಡಿಸುತ್ತಾರಂತೆ?

ಕೇಳುತ್ತಾರೆ, ನಿಜ. ಅತಿಥಿ ಪುಸ್ತಕದಲ್ಲಿ ಹೆಸರು ಬರೆದು ಕಾಣಿಕೆ ಹಾಕಿದ ಮೇಲೂ ಮಕ್ಕಳು, ಬಟ್ಟೆ ಮಾರುವವರು, ಕುದುರೆ ಹತ್ತಿಸುವವರು ಬೆನ್ನು ಬೀಳುತ್ತಾರೆ. ಫೋಟೋಗೆ ಮೊದಲೇ ದರ ಮಾತಾಡಿಕೊಳ್ಳಿ. ಮಕ್ಕಳ ಕೈಗೆ ದುಡ್ಡು, ಚಾಕಲೇಟು ಕೊಡುವುದು ಬೇಡ. ನನಗಂತೂ ಇದರಲ್ಲಿ ಅಷ್ಟೇನೂ ಆಶ್ಚರ್ಯವಿಲ್ಲ. ದೇಶದ ಅತಿ ಬಡ ಪ್ರಾಂತ್ಯಗಳಲ್ಲಿ ಒಂದು ಇದು. ಹಳ್ಳಿಯ ಫೋಟೋ ಎಲ್ಲ ಕಡೆ ಓಡಾಡುತ್ತದೆ, ಹಳ್ಳಿಗೆ ಅದರಿಂದ ಬರುವುದು ಈ ಚಿಲ್ಲರೆ ಮಾತ್ರ. ಒಬ್ಬ ಸ್ಥಳೀಯ ಗೈಡ್ ಜೊತೆಗಿದ್ದರೆ ಅರ್ಧ ತಲೆನೋವು ಕಡಿಮೆ.

ಸಸ್ಯಾಹಾರಿಗಳ ಗತಿ?

ಅನ್ನ, ಮೆಕ್ಕೆಜೋಳ, ಮರಗೆಣಸು, ಪಪ್ಪಾಯ ಎಲೆ-ಹೂವಿನ ಪಲ್ಯ, ತೆಂಪೆ (ಹುದುಗಿಸಿದ ಸೋಯಾ ಬಿಲ್ಲೆ), ತೋಫು. ಇಷ್ಟಿದ್ದರೆ ಸಾಕು ಅನ್ನುವವರಿಗೆ ತೊಂದರೆಯಿಲ್ಲ. ಆದರೆ ಸಾಂಬಲ್ ಚಟ್ನಿಯಲ್ಲಿ ಸೀಗಡಿಯ 'ತೆರಾಸಿ' ಸೇರಿರುತ್ತದೆ. "ತಿದಾಕ್ ಪಕಾಯ್ ದಾಗಿಂಗ್, ತಿದಾಕ್ ಪಕಾಯ್ ತೆರಾಸಿ" ಎಂದು ಬಾಯಿಪಾಠ ಮಾಡಿಕೊಳ್ಳಿ. ಮಾಂಸ ಬೇಡ, ತೆರಾಸಿ ಬೇಡ ಎಂದು. ಮಾಂಸ ತಿನ್ನುವವರು ಯಾವ ಮಾಂಸ ಎಂದು ಕೇಳಿ ತಿನ್ನಿ, ನಾಯಿ ಮಾಂಸದ ರೂಢಿಯೂ ಇದೆ. ಚಟ್ನಿಪುಡಿ, ಉಪ್ಪಿನಕಾಯಿ ಚೀಲದಲ್ಲಿರಲಿ.

ಖರ್ಚು ಎಷ್ಟಾಗುತ್ತದೆ? ಯುಪಿಐ ನಡೆಯುತ್ತಾ?

ಯುಪಿಐ ಮರೆತುಬಿಡಿ. ನಮ್ಮ ಒಂದು ರೂಪಾಯಿಗೆ ಹೆಚ್ಚುಕಮ್ಮಿ 180–190 ರುಪಿಯಾ. ತಂಬೋಲಕಾ, ವಾಯಿಕಾಬುಬಾಕ್ ಪಟ್ಟಣಗಳಲ್ಲಿ ಎಟಿಎಂ ಇದೆ, ಹಳ್ಳಿಯಲ್ಲಿ ಬರೀ ನಗದು, ಅದೂ ಚಿಕ್ಕ ನೋಟು. ಸಾದಾ ಹೋಮ್‌ಸ್ಟೇಗೆ ರಾತ್ರಿಗೆ ಸುಮಾರು 2ರಿಂದ 4 ಲಕ್ಷ ರುಪಿಯಾ. ಜಾಸ್ತಿ ಹೋಗುವುದು ಡ್ರೈವರ್ ಸಮೇತ ಕಾರಿಗೆ. ನಾಲ್ಕು ಜನ ಸೇರಿದರೆ ಹಗುರ.

ಮೊಬೈಲ್, ಇಂಟರ್ನೆಟ್?

ಟೆಲ್ಕೊಮ್‌ಸೆಲ್ ಸಿಮ್ ತೆಗೆದುಕೊಳ್ಳಿ, ಬೇರೆಯವು ಊರು ಬಿಟ್ಟರೆ ಸಿಗುವುದು ಅನುಮಾನ. ಪ್ರವಾಸಿ ಸಿಮ್ 90 ದಿನ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇರುವವರು ಫೋನಿನ ಐಎಂಇಐ ಸಂಖ್ಯೆಯನ್ನು ಕಸ್ಟಮ್ಸ್‌ನಲ್ಲಿ ನೋಂದಾಯಿಸದಿದ್ದರೆ ಸಿಗ್ನಲ್ ಕಟ್. ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ 2024ರ ಮೇಯಲ್ಲಿ ಇಂಡೋನೇಷ್ಯಾಕ್ಕೆ ಬಂದಿದೆ. ಆದರೆ ಕರೆಂಟು ಹೋದಾಗ ಅದೂ ಹೋಗುತ್ತದೆ, ಅಲ್ವಾ?

ಸುರಕ್ಷಿತವೇ? ಗಂಡಸರೆಲ್ಲ ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡಿರುತ್ತಾರಲ್ಲ?

ಆ ಮಚ್ಚಿಗೆ 'ಕತೋಪೊ' ಎನ್ನುತ್ತಾರೆ. ಅದು ಉಡುಪಿನ ಭಾಗ. ಅದನ್ನು ನೋಡಿ ಹೆದರಬೇಕಿಲ್ಲ. ಹೆದರಬೇಕಾದದ್ದು ಕತ್ತಲಿಗೆ. ಕೋಡಿಯೂ ಸೇರಿದ ನೈಋತ್ಯ ಸುಂಬಾ ಜಿಲ್ಲೆಯಲ್ಲಿ ದನ-ಕುದುರೆ ಕಳ್ಳತನ, ರಾತ್ರಿ ರಸ್ತೆಯಲ್ಲಿ ಅಡ್ಡಗಟ್ಟುವುದು ಹಳೆಯ ತೊಂದರೆ. ಊರಿನವರೇ ಸೂರ್ಯ ಮುಳುಗಿದ ಮೇಲೆ ಬೈಕ್ ತೆಗೆಯುವುದಿಲ್ಲ. ಬೈಕ್ ಬಾಡಿಗೆ ತೆಗೆದುಕೊಂಡರೆ ಲೈಸೆನ್ಸ್ ಸರಿಯಿರಲಿ. ಬಿದ್ದರೆ ವಿಮೆಯವರು ಮೊದಲು ಕೇಳುವುದು ಅದನ್ನೇ.

ಮಲೇರಿಯಾ ಇದೆಯಂತೆ?

ಇದೆ. ಬಾಲಿಯ ಅಭ್ಯಾಸದಲ್ಲಿ ಇಲ್ಲಿಗೆ ಬರಬೇಡಿ. ಹೊರಡುವ ಮುಂಚೆ ವೈದ್ಯರ ಹತ್ತಿರ ತಡೆ ಮಾತ್ರೆಯ ಬಗ್ಗೆ ಮಾತಾಡಿ, ಸೊಳ್ಳೆ ಪರದೆಯೊಳಗೆ ಮಲಗಿ. ವಾಪಸ್ ಬಂದು ವಾರಗಳಾದ ಮೇಲೆ ಜ್ವರ ಬಂದರೂ "ಸುಂಬಾಗೆ ಹೋಗಿದ್ದೆ" ಎಂದು ಡಾಕ್ಟರಿಗೆ ಹೇಳಿ. ನಾಯಿ ಕಚ್ಚಿದರೆ ಸೋಪು-ನೀರಲ್ಲಿ ಚೆನ್ನಾಗಿ ತೊಳೆದು ತಡಮಾಡದೆ ಲಸಿಕೆ ಹಾಕಿಸಿಕೊಳ್ಳಿ. ತಂಬೋಲಕಾ ಪಕ್ಕದ ವೈತಾಬುಲಾದಲ್ಲಿ ಆಸ್ಪತ್ರೆ ಇದೆ, ಆದರೆ ದೊಡ್ಡ ಅಪಘಾತವಾದರೆ ಬಾಲಿಗೆ ಹಾರಬೇಕು. ಹಾಗೆ ಸಾಗಿಸುವ ಖರ್ಚು ಕೊಡುವ ವಿಮೆ ಇಲ್ಲದೆ ಹೊರಡಬೇಡಿ. ಭಾರತದ ಕಾನ್ಸುಲೇಟ್ ಇರುವುದೂ ಬಾಲಿಯಲ್ಲೇ.

ಆರು ತಿಂಗಳು, ಒಂದು ವರ್ಷ ಇದ್ದು ನೋಡಬಹುದೇ?

ಪ್ರವಾಸಿ ವೀಸಾದಲ್ಲಿ ಆಗದು. ಹೊರದೇಶದ ಕಂಪನಿಗೆ ಕೆಲಸ ಮಾಡುವವರಿಗೆ 2024ರಿಂದ ಒಂದು ವರ್ಷದ ವೀಸಾ ಇದೆ. ವರ್ಷಕ್ಕೆ 60,000 ಡಾಲರ್ ಆದಾಯ ತೋರಿಸಬೇಕು. 'ಎರಡನೇ ಮನೆ' ವೀಸಾಗೆ ಅಲ್ಲಿನ ಸರ್ಕಾರಿ ಬ್ಯಾಂಕಿನಲ್ಲಿ ದೊಡ್ಡ ಠೇವಣಿ ಇಡಬೇಕು. 12 ತಿಂಗಳಲ್ಲಿ 183 ದಿನ ದಾಟಿದರೆ ಅಲ್ಲಿನ ತೆರಿಗೆ ನಿವಾಸಿ ಆಗುತ್ತೀರಿ, ಅದು ನೆನಪಿರಲಿ.

ದಿನದ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ನೀರು. ಒಣಗಾಲದ ಕೊನೆಗೆ ಬಾವಿ ತಳ ಕಾಣುತ್ತದೆ, ಟ್ಯಾಂಕರ್ ತರಿಸಬೇಕು. ಮನೆ ಬಾಡಿಗೆಗೆ ನೋಡುವಾಗ ಸಮುದ್ರ ಕಾಣುತ್ತಾ ಎಂದು ಕೇಳುವ ಮೊದಲು ಅಕ್ಟೋಬರ್‌ನಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ.

ಸಾವು-ಮದುವೆಗೆ ಕರೆದರೆ ಹೋಗಬೇಕೇ?

ಹೋಗಿ, ಬರಿಗೈಲಿ ಬೇಡ. ನಮ್ಮ ಮುಯ್ಯಿ ಗೊತ್ತಿದ್ದವರಿಗೆ ಸುಂಬಾ ಅರ್ಧ ಅರ್ಥವಾದಂತೆ. ಸಾವಿನ ಮನೆಗೆ ಬಂಧುಗಳು ಎಮ್ಮೆ, ಹಂದಿ, ಕುದುರೆ, ಬಟ್ಟೆ ತರುತ್ತಾರೆ. ಯಾರು ಏನು ತಂದರು ಎಂಬುದು ತಲೆಮಾರುಗಟ್ಟಲೆ ನೆನಪಿರುತ್ತದೆ, ತಿರುಗಿಸಿ ಕೊಡಲೇಬೇಕು. ಮದುವೆಗೆ ಗಂಡಿನ ಕಡೆಯವರು ಕೊಡುವ 'ಬೆಲಿಸ್' ಕೂಡ ಕುದುರೆ-ಎಮ್ಮೆಗಳ ಲೆಕ್ಕದಲ್ಲಿ. ಹೊರಗಿನ ಅತಿಥಿಗೆ ಸಕ್ಕರೆ, ಕಾಫಿ, ಅಕ್ಕಿ, ಎಲೆ-ಅಡಿಕೆ ಸಾಕು. ಉತ್ಸಾಹಕ್ಕೆ ಬಿದ್ದು ಒಂದು ಹಂದಿ ಕೊಡಿಸಿದಿರೋ, ನೀವೂ ಆ ಲೆಕ್ಕದೊಳಗೆ ಬಂದಿರಿ. ಮುಂದಿನ ಸಾವಿಗೂ ನಿಮ್ಮನ್ನು ಕಾಯುತ್ತಾರೆ. ಎಮ್ಮೆ ಕಡಿಯುವುದನ್ನು ನೋಡಲಾಗದವರು ಊಟದ ಹೊತ್ತಿಗೆ ಹೋದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸರಿ, ಜಮೀನು ಕೊಳ್ಳಬಹುದಾ?

ಇಲ್ಲ. 1960ರ ಭೂ ಕಾನೂನಿನ ಪ್ರಕಾರ ಪೂರ್ಣ ಮಾಲಿಕತ್ವ, ಅಂದರೆ 'ಹಕ್ ಮಿಲಿಕ್', ಇಂಡೋನೇಷ್ಯಾದ ಪ್ರಜೆಗೆ ಮಾತ್ರ. ವಾಸದ ಪರವಾನಗಿ ಇರುವ ವಿದೇಶಿಯರಿಗೆ 'ಹಕ್ ಪಕಾಯ್' ಎಂಬ ಬಳಕೆ ಹಕ್ಕು ಸಿಗುತ್ತದೆ. 30 ವರ್ಷ, ಆಮೇಲೆ 20, ಮತ್ತೆ 30. ಮನೆಗೆ ಕನಿಷ್ಠ ಬೆಲೆಯ ಮಿತಿಯೂ ಇದೆ. ವಿದೇಶಿ ಬಂಡವಾಳದ ಕಂಪನಿ ಮಾಡಿದರೆ ಕಂಪನಿ ಹೆಸರಿನಲ್ಲಿ ಕಟ್ಟಡ ಕಟ್ಟುವ ಹಕ್ಕು, 'ಹಕ್ ಗುನಾ ಬಂಗುನಾನ್', ಪಡೆಯಬಹುದು. ಅವಧಿ ಅದೇ ಲೆಕ್ಕ. ಇನ್ನುಳಿದಿದ್ದು ಸಾದಾ ಗುತ್ತಿಗೆ.

ಅಲ್ಲಿನ ಸ್ನೇಹಿತನ ಹೆಸರಲ್ಲಿ ಮಾಡಿಸಿಕೊಂಡರೆ? ಎಲ್ಲರೂ ಹಾಗೇ ಮಾಡ್ತಾರಂತೆ.

ಅದಕ್ಕೆ ನಮ್ಮಲ್ಲಿ ಬೇನಾಮಿ ಎನ್ನುತ್ತಾರೆ, ಅಲ್ಲಿ 'ನಾಮಿನಿ'. ಅದೇ 1960ರ ಕಾನೂನಿನ 26ನೇ ವಿಧಿಯಲ್ಲಿ ವಿದೇಶಿಗೆ ನೇರವಾಗಿ ಆಗಲಿ ಸುತ್ತುಬಳಸಿ ಆಗಲಿ ಮಾಲಿಕತ್ವ ದಾಟಿಸುವ ವ್ಯವಹಾರ ಅಸಿಂಧು, ಜಮೀನು ಸರ್ಕಾರಕ್ಕೆ, ಕೊಟ್ಟ ದುಡ್ಡು ವಾಪಸ್ ಕೇಳುವಂತಿಲ್ಲ ಎಂದಿದೆ. ಸ್ನೇಹಿತ ದೇವರಂಥವನೇ ಇರಬಹುದು. ಅವನು ತೀರಿಕೊಂಡರೆ ಜಮೀನು ಹೋಗುವುದು ಅವನ ಮಕ್ಕಳಿಗೆ. ನಿಮ್ಮ ಗುಟ್ಟಿನ ಕರಾರು ತೋರಿಸಲು ಯಾವ ಕೋರ್ಟಿಗೆ ಹೋಗುತ್ತೀರಿ? ಈ ದಾರಿ ಹೇಳಿಕೊಡುವ ಬ್ರೋಕರ್‌ನಿಂದ ದೂರ ಇರಿ. ಇದರಲ್ಲಿ ಎರಡನೇ ಮಾತಿಲ್ಲ.

ಗುತ್ತಿಗೆ ಮಾಡಿದರೆ ತೊಂದರೆ ಇಲ್ಲವಲ್ಲ?

ಕಾಗದದಲ್ಲಿ ಇಲ್ಲ. ನೆಲದ ಮೇಲೆ ಇರಬಹುದು. ಯಾಕೆಂದರೆ ಸುಂಬಾದಲ್ಲಿ ಜಮೀನು ಬಹುಪಾಲು ಒಬ್ಬನದಲ್ಲ, ಕುಲದ್ದು. ಕೋಡಿಯಲ್ಲಿ 'ಪರೋನಾ' ಎನ್ನುವ ಮೂಲ ಹಳ್ಳಿಗೆ ಸೇರಿದ ತಂದೆ ಕಡೆಯ ವಂಶದಲ್ಲಿ ನೆಲ, ಮನೆ ಇಳಿದು ಬರುತ್ತದೆ. ಸರ್ಟಿಫಿಕೇಟ್ ಇಲ್ಲದ ಜಮೀನು ಬೇಕಾದಷ್ಟಿದೆ. ಎಲ್ಲೆ ಎಂದರೆ ಒಂದು ಮರ, ಒಂದು ಕಲ್ಲು, ಒಬ್ಬ ಅಜ್ಜನ ನೆನಪು. ಒಬ್ಬ ದಾಯಾದಿ ಸಹಿ ಹಾಕಿ ದುಡ್ಡು ಎಣಿಸಿಕೊಳ್ಳುತ್ತಾನೆ, ಕಾಂಪೌಂಡ್ ಏಳುವ ಹೊತ್ತಿಗೆ ಇನ್ನಿಬ್ಬರು ಬರುತ್ತಾರೆ. ಅವರೂ ಸುಳ್ಳು ಹೇಳುತ್ತಿರುವುದಿಲ್ಲ.

ಇದು ಬರೀ ತಕರಾರಿನ ಮಾತಲ್ಲ. 2018ರ ಏಪ್ರಿಲ್‌ನಲ್ಲಿ ಪಶ್ಚಿಮ ಸುಂಬಾದ ಪಾತಿಯಾಲಾ ಬಾವಾ ಹಳ್ಳಿಯ ಮರೋಸಿ ಕಡಲತೀರದಲ್ಲಿ ಹೋಟೆಲ್ ಕಂಪನಿಯೊಂದರ ಜಮೀನು ಅಳೆಯುವವರು ಪೊಲೀಸರ ಜೊತೆ ಬಂದಾಗ ಊರಿನವರು ತಡೆದರು. ಗದ್ದಲದಲ್ಲಿ ಒಬ್ಬ ರೈತ ಗುಂಡೇಟಿಗೆ ಪ್ರಾಣ ಬಿಟ್ಟ. "ಅಗ್ಗದ ಬೀಚ್ ಜಾಗ" ಎಂಬ ಜಾಹೀರಾತು ಕಂಡಾಗೆಲ್ಲ ನನಗೆ ಮೊದಲು ನೆನಪಾಗುವುದು ಅದೇ.

ಹಾಗಾಗಿ ಗುತ್ತಿಗೆಗೂ ಮುಂಚೆ ಭೂ ಇಲಾಖೆ 'ಬಿಪಿಎನ್'ನಲ್ಲಿ ಸರ್ಟಿಫಿಕೇಟ್ ಪರಿಶೀಲಿಸಿ. ಗ್ರಾಮದ ಮುಖ್ಯಸ್ಥ, ಕುಲದ ಹಿರಿಯರು, ನಾಲ್ಕೂ ದಿಕ್ಕಿನ ಪಕ್ಕದ ಜಮೀನಿನವರು ಒಟ್ಟಿಗೆ ಬಂದು ಎಲ್ಲೆ ತೋರಿಸಲಿ. ನೋಟರಿಯನ್ನು ನೀವೇ ಹುಡುಕಿ, ಮಾರುವವರು ತೋರಿಸಿದವರನ್ನು ಬೇಡ. ಸಮುದ್ರದ ಅತಿ ಎತ್ತರದ ಉಬ್ಬರದ ಗೆರೆಯಿಂದ 100 ಮೀಟರ್ ಒಳಗೆ ಕಟ್ಟುವ ಆಸೆ ಬಿಡಿ, ಅದು ಕಡಲಂಚಿನ ಮೀಸಲು ಜಾಗ.

ಕಂಪನಿ ಮಾಡಿ ಚಿಕ್ಕ ಹೋಮ್‌ಸ್ಟೇ ನಡೆಸಿದರೆ?

ಚಿಕ್ಕದಕ್ಕೆ ದಾರಿಯೇ ಇಲ್ಲ. ವಿದೇಶಿ ಬಂಡವಾಳದ ಕಂಪನಿ 'ಪಿಟಿ ಪಿಎಂಎ'ಗೆ ಜಮೀನು, ಕಟ್ಟಡ ಬಿಟ್ಟು 1,000 ಕೋಟಿ ರುಪಿಯಾಕ್ಕಿಂತ ಹೆಚ್ಚಿನ ಹೂಡಿಕೆ ಯೋಜನೆ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಐದು ಕೋಟಿ ರೂಪಾಯಿಯ ಮೇಲೆ. ಸಣ್ಣ ಉದ್ದಿಮೆಗಳನ್ನು ತಮ್ಮ ಜನಕ್ಕೇ ಉಳಿಸಲು ಮಾಡಿದ ಗೆರೆ ಇದು. ಸರಿಯಾಗೇ ಇದೆ ಅಂತ ನನ್ನ ಅಭಿಪ್ರಾಯ.

ಭಾರತದ ಕಡೆಯಿಂದ ದುಡ್ಡು ಕಳಿಸುವುದಕ್ಕೆ ನಿಯಮ?

ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ಯೋಜನೆಯ ಪ್ರಕಾರ ಒಬ್ಬರು ಒಂದು ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಕಳಿಸಬಹುದು. ಹೂಡಿಕೆಗೆ ಕಳಿಸಿದ ಮೊತ್ತ 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಭಾಗಕ್ಕೆ ಬ್ಯಾಂಕು 20% ಟಿಸಿಎಸ್ (ಮೂಲದಲ್ಲೇ ವಸೂಲಾಗುವ ತೆರಿಗೆ) ಹಿಡಿಯುತ್ತದೆ. ಅದನ್ನು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ವಿದೇಶದ ಆಸ್ತಿಯನ್ನು ರಿಟರ್ನ್ಸ್‌ನ 'ಶೆಡ್ಯೂಲ್ ಎಫ್‌ಎ'ಯಲ್ಲಿ ತೋರಿಸಲೇಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ. ಹವಾಲಾ ಸಲಹೆ ಕೊಡುವವರಿಗೆ ದೂರದಿಂದ ಕೈ ಮುಗಿಯಿರಿ.

ಅಲ್ಲಿ ಅಡಿಕೆ, ಗೇರು ಬೆಳೆಯುತ್ತದಂತೆ. ತರಿಸಿ ಮಾರಿದರೆ?

ಮಲೆನಾಡು, ಕರಾವಳಿಯವರಿಂದ ಬರುವ ಪ್ರಶ್ನೆ. ನೈಋತ್ಯ ಸುಂಬಾದಲ್ಲಿ ಗೇರು, ಕಾಫಿ, ಅಡಿಕೆ, ತೆಂಗು ಎಲ್ಲ ಇವೆ. ಅಡಿಕೆಗೆ ಕೈ ಹಾಕಬೇಡಿ. ಭಾರತ 2023ರಲ್ಲಿ ಆಮದಿಗೆ ಕಿಲೋಗೆ 351 ರೂಪಾಯಿ ಕನಿಷ್ಠ ಬೆಲೆ ಕಟ್ಟಿದೆ. ಅದಕ್ಕಿಂತ ಅಗ್ಗದ ಮಾಲು ಒಳಗೆ ಬರುವಂತಿಲ್ಲ. ಊರಲ್ಲಿ ಅಣ್ಣನ ತೋಟ ಇಟ್ಟುಕೊಂಡು ನೀವೇ ಇಂಡೋನೇಷ್ಯಾ ಅಡಿಕೆ ತರಿಸಿದರೆ ಹಬ್ಬದ ಊಟಕ್ಕೆ ಕರೆಯುವವರೂ ಇರುವುದಿಲ್ಲ. ಕಚ್ಚಾ ಗೇರುಬೀಜದಲ್ಲಿ ದೊಡ್ಡ ವರ್ತಕರ ಪೈಪೋಟಿ ಇದೆ. ಮೊದಲ ಸಲದವರಿಗೆ ಹೇಳಿಮಾಡಿಸಿದ ವ್ಯಾಪಾರ ಅದಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ವಾರದ ಮಟ್ಟಿಗೆ ಖುಷಿಯಾಗಿ. ವಾಸಕ್ಕಾದರೆ ಶಾಲೆಯ ಯೋಚನೆ ಮೊದಲು. ಅಲ್ಲಿ ಪಾಠ ಇಂಡೋನೇಷ್ಯನ್ ಭಾಷೆಯಲ್ಲಿ, ಆಟ ಕೋಡಿ ಭಾಷೆಯಲ್ಲಿ.

ಹಾಗಾದರೆ ಊರಿಗೆ ಉಪಯೋಗವಾಗುವಂತೆ ದುಡ್ಡು ಹಾಕುವುದು ಎಲ್ಲಿ?

ಊರಿನವರೇ ನಡೆಸುವ ಮನೆಯಲ್ಲಿ ಉಳಿಯಿರಿ, ಊರಿನ ಗೈಡನ್ನೇ ಹಿಡಿಯಿರಿ. ಆಮೇಲೆ ಬಟ್ಟೆ. ಸುಂಬಾದ ಇಕಾತ್‌ನಲ್ಲಿ ನೇಯುವ ಮೊದಲೇ ನೂಲನ್ನು ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ. ನೀಲಿ ಬಣ್ಣ ನೀಲಿ ಗಿಡದ್ದು, ಕೆಂಪು ನೋನಿ ಜಾತಿಯ ಮರದ ಬೇರಿನದು. ಒಳ್ಳೆಯ ಒಂದು ಬಟ್ಟೆಗೆ ತಿಂಗಳುಗಳೇ ಹಿಡಿಯುತ್ತವೆ. ನೂಲು, ಬಣ್ಣ ಯಾವುದು ಎಂದು ಕೇಳಿ. ರಾಸಾಯನಿಕ ಬಣ್ಣದ್ದಾದರೆ ಬೆಲೆ ಇಳಿಯಬೇಕು. ಚೌಕಾಸಿ ಮಾಡಿ, ನೇಯ್ದವಳ ಮುಂದೆ ಅತಿಯಾಗಿ ಬೇಡ. ಹಳೆಯ ಸಮಾಧಿಯ ಕಲ್ಲು, ಮನೆತನದ ಚಿನ್ನದ ಒಡವೆ, ಕೆತ್ತನೆ ಎಂದು ಯಾರಾದರೂ ಗುಟ್ಟಾಗಿ ತೋರಿಸಿದರೆ ಕೊಳ್ಳಲೇಬೇಡಿ. ಪರಂಪರೆಯ ವಸ್ತುಗಳನ್ನು ಅನುಮತಿಯಿಲ್ಲದೆ ದೇಶದಾಚೆ ಒಯ್ಯುವುದು 2010ರ ಕಾನೂನಿನ ಪ್ರಕಾರ ಅಪರಾಧ. ಸಿಕ್ಕಿಬೀಳುವುದು ಮಾರಿದವನಲ್ಲ, ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ತೆರೆದು ನಿಂತವರು.